ಹಳ್ಳದ ಈಚೆಗೆ ಬಂದ ಸಾಲಿ

ಕೂಡ್ಲಿಗಿ ಕಡೆಯ ಒಂದು ಹಟ್ಟಿಗೆ ಹೊಸದಾಗಿ ಒಂದು ಕೋಣೆಯ ಶಾಲೆ ಬಂದಿತ್ತು. ನಾನೇ ಅಲ್ಲಿಗೆ ಮೊದಲ ಮೇಷ್ಟ್ರು. ಶುರುವಿನ ದಿನಗಳಲ್ಲಿ ಒಬ್ಬ ಹೆಣ್ಣುಮಗಳು ಬಾಗಿಲಲ್ಲಿ ನಿಂತು ಮಕ್ಕಳನ್ನೇ ನೋಡುತ್ತಿದ್ದಳು. ಮಗುವನ್ನು ಸೇರಿಸಲು ಹಿಂಜರಿಯುತ್ತಿದ್ದಾಳೆ ಅಂದುಕೊಂಡು ನಾನೇ ಮಾತಾಡಿಸಿದೆ.

"ಯಾಕವ್ವಾ, ಅಲ್ಲೇ ನಿಂತೀರಿ? ಮಕ್ಕಳಿದ್ರ ಕರಕೊಂಡು ಬರ್ರಿ."

"ಒಬ್ಬಾಕಿ ಮಗಳಿದ್ಲುರಿ ಮೇಷ್ಟ್ರೇ. ಹಳ್ಳ ದಾಟಿ ಆಚಿ ಊರಿನ ಸಾಲಿಗಿ ಹೋಗ್ತಿದ್ಲು. ಹೋದ ವರ್ಷ ಹಳ್ಳ ಬಂದಾಗ ತೇಲಿ ಹೋದ್ಲು. ಆಮ್ಯಾಲೆ ಇಲ್ಲಿಗಿ ಸಾಲಿ ಕೊಟ್ರು."

ಆಮೇಲೆ ಆಕೆಯೇ ಕೇಳಿದಳು:

"ಮೂರನೇ ಕ್ಲಾಸು ಇದ್ಲು. ಇದ್ದಿದ್ರ ಎಲ್ಲಿ ಕುಂದರ್ತಿದ್ಲುರಿ?"

ಕಿಟಕಿಯ ಪಕ್ಕ ತೋರಿಸಿದೆ. ಅಲ್ಲಿದ್ದ ಹುಡುಗಿಯರು ತಾವಾಗಿಯೇ ಸರಿದು ಜಾಗ ಬಿಟ್ಟರು. ಆಕೆ ಚಪ್ಪಲಿ ಕಳಚಿ ಒಳಗೆ ಬಂದು ಅಲ್ಲಿ ಕುಳಿತು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬೇರೇನು ಮಾಡಬೇಕೋ ತಿಳಿಯದೆ ನಾನು ಬೋರ್ಡಿನ ಕಡೆ ತಿರುಗಿ ಮಗ್ಗಿ ಬರೆಯುತ್ತಲೇ ಹೋದೆ.

ಮುಂದೆ ಶಾಲೆ ನೋಡಲು ಸಾಹೇಬರು ಬಂದಾಗ ಚಹಾ ತಂದುಕೊಟ್ಟವಳೂ ಆಕೆಯೇ. ಸಾಹೇಬರು ಖುಷಿಯಾಗಿ ಅಂದರು: "ಬ್ಯಾರೆ ಊರಿನವ್ರು ಎಷ್ಟೋ ವರ್ಷ ಕಾಯ್ತಾರ. ನಿಮಗ ಸಾಲಿ ಭಾಳ ಲಗೂನ ಸಿಕ್ತು ನೋಡ್ರಿ!"

"ಹೌದ್ರಿ," ಅಂದಳು ಆಕೆ, ಖಾಲಿ ಕಪ್ಪು ಇಸಕೊಂಡು.

ಸಾಹೇಬರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ ಬಿಡಿ.