ಪಾಕದ ಬಣ್ಣ

ಬಲಗಣ್ಣಿನ ಪೊರೆ ತೆಗೆದ ಡಾಕ್ಟರು ಮನೆಗೆ ಕಳಿಸುವಾಗ ಹೇಳಿದರು: "ಒಂದು ತಿಂಗಳು ಹೊಗೆ, ಬೆಂಕಿ, ಧೂಳಿನ ಹತ್ತಿರ ಹೋಗಬೇಡಿ." ಆಲೆಮನೆಯವನಿಗೆ ಇವು ಮೂರನ್ನೂ ಬಿಟ್ಟರೆ ಉಳಿಯುವುದು ಮನೆಯ ಜಗಲಿ ಮತ್ತು ಹೆಂಡತಿಯ ಬೈಗುಳ.

ನನಗೆ ಅರವತ್ತೆಂಟು. ಸಂತೆಬಾಚಹಳ್ಳಿ ದಾರಿಯಲ್ಲಿರುವ ನಮ್ಮ ಆಲೆಮನೆಯಲ್ಲಿ ನಾನೂ ನನ್ನ ತಮ್ಮನೂ ನಲವತ್ತು ವರ್ಷದಿಂದ ಬೆಲ್ಲ ಮಾಡುತ್ತಿದ್ದೇವೆ. ಗಾಣ, ಒಲೆ, ಆಳುಗಳ ಉಸ್ತುವಾರಿ ಅವನದು. ಪಾಕ ನನ್ನದು. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದ್ದು ಗಟ್ಟಿಯಾಗುವಾಗ ಇಳಿಸುವ ಗಳಿಗೆ ಹೇಳುವವನು ನಾನು. ಬೇಗ ಇಳಿಸಿದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲುವುದಿಲ್ಲ, ತಡವಾದರೆ ಸೀದುಹೋಗುತ್ತದೆ. ಬೇರೆಯವರು ಒಂದು ತೊಟ್ಟು ಪಾಕವನ್ನು ನೀರಿಗೆ ಹಾಕಿ ಬೆರಳಲ್ಲಿ ಉರುಟಿ, ಉಂಡೆ ಕಟ್ಟುತ್ತದೆಯೇ ಎಂದು ನೋಡುತ್ತಾರೆ. ನಾನು ಬಣ್ಣ ನೋಡಿಯೇ ಹೇಳುತ್ತಿದ್ದೆ. ಆ ಜಂಬ ನನಗಿತ್ತು, ಈಗ ಮುಚ್ಚಿಟ್ಟು ಏನು ಬಂತು.

ಈಚಿನ ವರ್ಷಗಳಲ್ಲಿ ತಮ್ಮನದು ಒಂದು ಕಾಟವಾಗಿತ್ತು. ಕೊಪ್ಪರಿಗೆ ಇಳಿಸಲು ನಾಲ್ಕು ಜನ ಬೇಕು, ಅವರಲ್ಲಿ ಅವನೂ ಒಬ್ಬ. ನಾನು "ಇಳಿಸ್ರೋ" ಎಂದ ಕೂಡಲೇ ಅವನು "ತಡಿಯಣ್ಣ, ಒಂದ್ಬೀಡಿ ಸೇದ್ಬುಟ್ಟು ಬತ್ತೀನಿ" ಎಂದು ಕೈಯಲ್ಲಿದ್ದ ಸೌಟಿನ ಸಮೇತ ಗಾಣದ ಹಿಂದೆ ಹೋಗುತ್ತಿದ್ದ. ಸೋಮಾರಿ ಎಂದು ಆಳುಗಳ ಮುಂದೆಯೇ ಬೈಯುತ್ತಿದ್ದೆ.

ಆ ಒಂದು ತಿಂಗಳು ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಕಪ್ಪು ಕನ್ನಡಕ ಹಾಕಿಕೊಂಡು ಮಾಕವಳ್ಳಿ ಸಕ್ಕರೆ ಕಾರ್ಖಾನೆ ಕಡೆ ಹೋಗುವ ಕಬ್ಬಿನ ಟ್ರಾಕ್ಟರುಗಳನ್ನು ಎಣಿಸಿದೆ. ಹಿತ್ತಿಲಿಗೆ ಹೋದೆ, ಬಾಗಿಲಿಗೆ ಬಂದೆ, ಮತ್ತೆ ಹಿತ್ತಿಲಿಗೆ ಹೋದೆ. ಗಾಳಿಯಲ್ಲಿ ಬೆಲ್ಲದ ವಾಸನೆ ತೇಲಿ ಬಂದರೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

"ಕಾಲ್ಗೆ ಚಕ್ರ ಕಟ್ಕಂಡಂಗೆ ತಿರುಗ್ತೀಯಲ್ಲ, ಒಂದ್ಕಡೆ ಕುಂತ್ಕಳಕಾಗಕಿಲ್ವಾ?" ಎಂದು ಹೆಂಡತಿ ರೇಗಿದಳು.

ಅವಳಿಗೆ ಹೇಳದ ಭಯವೊಂದಿತ್ತು. ನಾನಿಲ್ಲದಿದ್ದರೂ ಬೆಲ್ಲ ಚೆನ್ನಾಗಿಯೇ ಬರುತ್ತಿತ್ತು. ಸಂಜೆ ತಮ್ಮ ತಂದುಕೊಡುತ್ತಿದ್ದ ಅಚ್ಚುಗಳಲ್ಲಿ ಒಂದೂ ಕೆಟ್ಟಿರಲಿಲ್ಲ. ಪಾಕ ನೋಡುವ ಕೆಲಸವೂ ಕೈತಪ್ಪಿದರೆ ನಾನು ಮನೆಯಲ್ಲಿ ಕೂತು ಉಣ್ಣುವ ಮುದುಕ, ಅಷ್ಟೆ.

ತಿಂಗಳು ತುಂಬಿದ ಬೆಳಿಗ್ಗೆಯೇ ಆಲೆಮನೆಗೆ ಓಡಿದೆ. ಹೊಸ ಕಣ್ಣಿಗೆ ಎಲ್ಲವೂ ತೊಳೆದಿಟ್ಟ ಹಾಗಿತ್ತು. ಕೊಪ್ಪರಿಗೆಯ ಮುಂದೆ ನಿಂತೆ. ನೊರೆ ಎದ್ದಿತು, ಗುಳ್ಳೆ ದಪ್ಪವಾಯಿತು, ನನಗೆ ಗೊತ್ತಿದ್ದ ಕೆಂಪು ಮಾತ್ರ ಬರಲಿಲ್ಲ. ಕಾದೆ. ಆಳುಗಳು ನನ್ನ ಮುಖ ನೋಡಿದರು, ತಮ್ಮನ ಮುಖ ನೋಡಿದರು. ಇನ್ನೂ ಕಾದೆ. ಸೀದ ವಾಸನೆ ಮೂಗಿಗೆ ಹೊಡೆದಾಗ "ಇಳಿಸ್ರೋ" ಎಂದು ಕಿರುಚಿದೆ. ಅಷ್ಟರಲ್ಲಿ ಇಡೀ ಕೊಪ್ಪರಿಗೆ ಹಾಳಾಗಿತ್ತು.

ಸಿಟ್ಟೆಲ್ಲ ತಮ್ಮನ ಮೇಲೆ ತಿರುಗಿತು. "ಬಾಯ್ಗೆ ಬೀಗ ಆಕ್ಕಂಡಿದ್ದೇನ್ಲಾ? ಒಂದ್ಮಾತು ಯೋಳಕಾಗ್ಲಿಲ್ವಾ?"

"ಕಣ್ಣು ಸರಿಯಾಯ್ತಲ್ಲ ಅಂತ ಇವತ್ತು ನಾನು ನೀರ್ಗಾಕಿ ನೋಡ್ನಿಲ್ಲ ಕಣಣ್ಣ."

"ಇವತ್ತು ನೋಡ್ನಿಲ್ಲ ಅಂದ್ರೆ? ದಿನಾ ನೋಡ್ತಿದ್ಯಾ?"

ಅವನು ಒಲೆಗೆ ಕಬ್ಬಿನ ಸಿಪ್ಪೆ ತಳ್ಳತೊಡಗಿದ.

ಪಕ್ಕದ ಕೊಪ್ಪರಿಗೆಯಲ್ಲಿ ಇನ್ನೊಂದು ಹಾಲು ಕುದಿಯುತ್ತಿತ್ತು, ಅರ್ಧವೂ ಆಗಿರಲಿಲ್ಲ. ಬಲಗಣ್ಣು ಮುಚ್ಚಿ, ಪೊರೆ ಇನ್ನೂ ಇದ್ದ ಎಡಗಣ್ಣಿನಲ್ಲಿ ನೋಡಿದೆ. ಪಾಕ ಬಂದ ಹಾಗೆ ಕೆಂಪಗಿತ್ತು. ಎಡಗಣ್ಣು ಮುಚ್ಚಿ ನೋಡಿದೆ, ಬರೀ ತೆಳು ಹಳದಿ. ಆ ಕೆಂಪು ಪಾಕದ್ದಲ್ಲ, ಕಣ್ಣಿನ ಪೊರೆಯದು. ಎಷ್ಟು ವರ್ಷದಿಂದ ಹೊತ್ತಿಗೆ ಮುಂಚೆಯೇ ಕೂಗುತ್ತಿದ್ದೆನೋ.

ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತು, "ಒಂದ್ಬೀಡಿ ಇದ್ರೆ ಕೊಡ್ಲಾ" ಎಂದೆ.

"ನಾನ್ ಬೀಡಿ ಬುಟ್ಟು ನಾಕ್ ವರ್ಸ ಆಯ್ತಲ್ಲಣ್ಣ."

ಖಾಲಿ ಕೈ ಚಾಚಿ ತೋರಿಸಿದ. ಹೆಬ್ಬೆರಳು, ತೋರುಬೆರಳುಗಳ ತುದಿಯಲ್ಲಿ ಬಿಸಿ ಪಾಕ ಸುಟ್ಟ ಕಲೆಗಳು, ಹಳೆಯವು, ಅವುಗಳ ಮೇಲೆ ಹೊಸವು. ದಿನವೂ ಜೊತೆಯಲ್ಲಿದ್ದವನ ಕೈಯನ್ನು ನಾನು ಅವತ್ತೇ ಮೊದಲು ನೋಡಿದ್ದು. ನಾಚಿಕೆಯಿಂದ ಎದ್ದು ಮನೆಗೆ ಹೋಗಿಬಿಡೋಣ ಎನ್ನಿಸಿತು. ಎದ್ದೂ ಎದ್ದೆ. ಆದರೆ ಕಾಲು ಗಾಣದ ಹಿಂದಕ್ಕೆ ಹೋಯಿತು.

ಅಲ್ಲಿ ಕಲ್ಲಿನ ಮರೆಯಲ್ಲಿ ಒಂದು ಸೊಟ್ಟ ಬಟ್ಟಲು, ಅದರ ತುಂಬ ನೀರು. ಅದನ್ನು ತಂದು ಎಲ್ಲರ ಎದುರಿಗೆ ಒಲೆಯ ಬಳಿ ಇಟ್ಟೆ. ಪಕ್ಕದ ಕೊಪ್ಪರಿಗೆಯ ಗುಳ್ಳೆ ದಪ್ಪವಾದಾಗ ಒಂದು ತೊಟ್ಟು ತೆಗೆದು ನೀರಿಗೆ ಬಿಟ್ಟು ಉರುಟಿದೆ. ಬೆರಳು ಚುರ್ರೆಂದಿತು. ಎಷ್ಟು ಗಟ್ಟಿಯಾಗಿರಬೇಕೆಂದು ಮರೆತೇಹೋಗಿತ್ತು.

"ಬಂತೇನ್ಲಾ?" ಎಂದು ಕೇಳಿದೆ.

ತಮ್ಮ ನನ್ನ ಬೆರಳಿನಿಂದಲೇ ಪಾಕ ತೆಗೆದುಕೊಂಡು ಉರುಟಿದ. ಬೀಡಿಯ ನೆಪ ಹೇಳಲಿಲ್ಲ, ಗಾಣದ ಹಿಂದೆ ಹೋಗಲಿಲ್ಲ.

"ಇನ್ನೊಂದ್ ಕುದಿ ಬರ್ಲಿ ಅಣ್ಣ," ಎಂದ, ಆಳುಗಳಿಗೆಲ್ಲ ಕೇಳುವಂತೆ.