ಅಕ್ಕ ಕಂಡ ಮಿನುಗು

ಬ್ಯಾಡಗಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಸಂಜೆ ದುರ್ಬೀನು ಹಿಡಿದು ನಿಲ್ಲುವುದು ನನ್ನ ಚಟ. ಹಗಲೆಲ್ಲ ಮೆಣಸಿನಕಾಯಿ ಅಂಗಡಿಯ ಘಾಟು ಕುಡಿದವನಿಗೆ ಅದೊಂದೇ ಸುಖ. ಹೋದ ವರ್ಷ ನವರಾತ್ರಿಯ ಹೊತ್ತಿಗೆ, ಒಣಗಿದ ಬಟ್ಟೆ ತೆಗೆಯಲು ಬಂದ ಅಕ್ಕ ಆಕಾಶದತ್ತ ಕೈ ಮಾಡಿದಳು.

“ತಮ್ಮಾ, ಅಲ್ನೋಡು. ಒಂದು ಚುಕ್ಕಿ ಫಳ್ ಅಂತೈತಿ, ಮಾಯ ಆಗತೈತಿ. ಮತ್ತ ಅಲ್ಲೇ ಫಳ್ ಅಂತೈತಿ.”

ನಾನು ಚಂದ್ರನ ಕುಳಿಗಳಲ್ಲಿ ಮುಳುಗಿದ್ದೆ. ದುರ್ಬೀನಿನಿಂದ ಕಣ್ಣು ಕೀಳದೆಯೇ ಹೇಳಿದೆ: “ಚುಕ್ಕಿ ಹಂಗೆಲ್ಲ ಮಾಡೂದಿಲ್ಲಕ್ಕಾ. ನಿನ್ನ ಸಕ್ಕರಿ ಕಾಯಿಲೆ ಕಣ್ಣಿಗೆ ಇಳದೈತಿ. ಹಾವೇರಿಗೆ ಹೋಗಿ ತೋರಿಸ್ಕೋ.”

ಎಂಥ ಶಾಣ್ಯಾ ನಾನು! ಗಂಡ ತೀರಿಕೊಂಡ ಮೇಲೆ ಓಣಿಯ ಹೆಂಗಸರ ಕುಪ್ಪಸ ಹೊಲಿದೇ ಬದುಕಿದವಳು ಅವಳು. ನನ್ನ ಮಾತಿನಿಂದ ಅವಳಿಗೆ ಕುರುಡಾಗುವ ಹೆದರಿಕೆ ಹೊಕ್ಕಿತು. ಡಾಕ್ಟರೂ ಅದನ್ನೇ ಹೇಳಿಬಿಟ್ಟರೆ ಎಂದು ಹಾವೇರಿಗೂ ಹೋಗಲಿಲ್ಲ. ಯಾರದೋ ಬಟ್ಟೆ ಕೆಡಿಸಿಯೇನು ಎಂದು ಹೊಲಿಗೆ ಬಿಟ್ಟಳು. ಮಷೀನನ್ನು ರಾಣೆಬೆನ್ನೂರಿನ ತಂಗಿಯ ಮಗಳಿಗೆ ಕೊಟ್ಟು ಕಳಿಸಿದಳು. ಇನ್ನಾದರೂ ಆರಾಮ ಇರಲಿ ಎಂದುಕೊಂಡವನು ನಾನು.

ಈ ಯುಗಾದಿಯ ಸುಮಾರಿಗೆ ಆ ಮಿನುಗು ನನಗೇ ಕಂಡಿತು. ವಿಮಾನವಾಗಿದ್ದರೆ ಮುಂದೆ ಸಾಗಬೇಕಿತ್ತು. ಇದು ಇದ್ದಲ್ಲೇ ಮಿಂಚಿ ಆರುತ್ತಿತ್ತು. ಕುಣಿದಾಡುತ್ತ ಅದರ ದಿಕ್ಕು, ಎತ್ತರ, ಮಿನುಗುಗಳ ನಡುವಿನ ಹೊತ್ತು ಎಲ್ಲವನ್ನೂ ಆಕಾಶ ನೋಡುವವರ ಮೊಬೈಲ್ ಗುಂಪಿಗೆ ಕಳಿಸಿದೆ. ಒಬ್ಬರು ಉಪಗ್ರಹಗಳ ಹಾದಿಗೆ ಹೋಲಿಸಿ ಗುರುತು ಹಚ್ಚಿದರು. ಕೆಲಸ ನಿಲ್ಲಿಸಿದ ಹಳೆಯ ಸಂಪರ್ಕ ಉಪಗ್ರಹವಂತೆ, ಬಹಳ ಎತ್ತರದಲ್ಲಿ ಭೂಮಿಯ ಜೊತೆಗೇ ಸುತ್ತುವುದರಿಂದ ಇದ್ದಲ್ಲೇ ಇದ್ದಂತೆ ಕಾಣುತ್ತದಂತೆ. ಹಿಡಿತ ತಪ್ಪಿ ತಿರುಗುವಾಗ ಅದರ ಸೌರ ಹಲಗೆಗೆ ಬಿಸಿಲು ಬಡಿದು ಹೊಳೆಯುತ್ತದಂತೆ. ಕೊನೆಗೆ ಬರೆದಿದ್ದರು: “ಹಗಲು ಇರುಳು ಸಮವಾಗುವ ದಿನಗಳಲ್ಲೇ ಇದು ಹೀಗೆ ಹೊಳೆಯುವುದು. ನವರಾತ್ರಿಯ ಸುಮಾರಿಗೂ ಬರಿಗಣ್ಣಿಗೇ ಕಂಡಿರಬೇಕಲ್ಲ, ನಿಮ್ಮ ಕಡೆ ಯಾರೂ ನೋಡಲಿಲ್ಲವೇ?”

ದಡದಡನೆ ಮೆಟ್ಟಿಲಿಳಿದೆ. ಕೆಳಗೆ ಅಕ್ಕ ರೊಟ್ಟಿ ಬಡಿಯುತ್ತಿದ್ದಳು.

“ಅಕ್ಕಾ, ನೀ ಅವತ್ತು ಕಂಡಿದ್ದು ಖರೇನ ಇತ್ತು. ಕೆಟ್ಟುಹೋದ ಉಪಗ್ರಹ ಅದು. ನಿನ್ನ ಕಣ್ಣಿನ ತಪ್ಪಲ್ಲ, ನಂದು ತಪ್ಪು.”

ಅವಳು ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದಳು. ಬೈದಿದ್ದರೆ ಹಗುರಾಗುತ್ತಿದ್ದೆನೇನೋ, ಬೈಯಲಿಲ್ಲ. ನನಗೇ ತಡೆಯದೆ, “ನಾಳೇನ ಹೊಸಾ ಮಷೀನ ತರ್ತೇನಿ” ಎಂದೆ.

“ಮಷೀನ ತರ್ತೀಪಾ,” ಎಂದಳು ಅಕ್ಕ. “ಕತ್ರಿ ಹಿಡದ್ರ ಬಟ್ಟಿ ಕೆಡಸ್ತೇನಂತ ಈಗೂ ಕೈ ನಡಗ್ತೈತಲ್ಲ, ಅದಕ್ಕೇನ್ ಮಾಡ್ಲಿ?”