ಆರುನೂರು ಸೆಕೆಂಡಿನಲ್ಲಿ ಹದಿನಾಲ್ಕನೇ ಪ್ರಶ್ನೆ

"ರಿಹರ್ಸಲ್, ಒಂಬತ್ತನೇ ದಿನ. ಹೀಗೇ ನಡೆದರೆ ಹನ್ನೊಂದು ಮಂದಿಗೆ ಮಾತ್ರ ಸಮಯ ಸಾಲುತ್ತದೆ. ನಾನು ಹದಿನಾಲ್ಕನೆಯವಳು."

ನನ್ನ ಡೈರಿಯಲ್ಲಿ ಆ ದಿನ ಬರೆದದ್ದು ಇಷ್ಟೇ. ಆಗ ನಾನು ಒಂಬತ್ತನೇ ತರಗತಿ. ಟಿಕೋಟಾದಿಂದ ದಿನಾ ಬಸ್ಸಿನಲ್ಲಿ ವಿಜಯಪುರದ ಶಾಲೆಗೆ ಹೋಗುತ್ತಿದ್ದೆ. ಭೂಮಿ ಸುತ್ತುವ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಗಗನಯಾತ್ರಿಯ ಜೊತೆ ನಮ್ಮ ಶಾಲೆಯ ಹದಿನೈದು ಮಕ್ಕಳು ಹವ್ಯಾಸಿ ರೇಡಿಯೊದಲ್ಲಿ ಮಾತನಾಡುವುದೆಂದು ನಿಗದಿಯಾಗಿತ್ತು. ಒಬ್ಬರಿಗೆ ಒಂದು ಪ್ರಶ್ನೆ, ಇಂಗ್ಲಿಷಿನಲ್ಲಿ.

ನನ್ನ ಪ್ರಶ್ನೆ ಅಸಲಿಗೆ ಅವ್ವನದು. ಅವ್ವ ಒಣದ್ರಾಕ್ಷಿ ಶೆಡ್ಡಿನಲ್ಲಿ ಕೆಲಸ ಮಾಡುತ್ತಾಳೆ. ಒಂದು ಮಧ್ಯಾಹ್ನ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಕೇಳಿದಳು, "ಅಲ್ಲ ಬೇ, ಅಲ್ಲಿ ಏನೂ ಕೆಳಗ ಬೀಳಂಗಿಲ್ಲಂತಿ. ಹಂಗಾದ್ರ ಅವರ ಬೆವರು ಎಲ್ಲಿ ಹೋಗತೈತಿ?"

ಅದನ್ನೇ ಬರೆದುಕೊಟ್ಟೆ. ಕಾರ್ಯಕ್ರಮದ ಉಸ್ತುವಾರಿ ಇದ್ದ ವಿಜ್ಞಾನದ ಸರ್ ಮುಖ ಸಿಂಡರಿಸಿದರು. "ಬ್ಯಾರೆ ಪ್ರಶ್ನಿ ಸಿಗಲಿಲ್ಲೇನ ನಿನಗ? ಬೆವರಂತ ಬೆವರು!" ಆದರೂ ಪಟ್ಟಿಯಲ್ಲಿ ಉಳಿಸಿಕೊಂಡರು. ನನಗೆ ಹದಿನಾಲ್ಕನೇ ಸ್ಥಾನ, ಬಬಲೇಶ್ವರದಿಂದ ಬರುತ್ತಿದ್ದ ನನ್ನ ಗೆಳತಿಗೆ ಹದಿನೈದನೆಯದು. ಕಾರಣ, ನಮ್ಮ ಬಸ್ಸು ತಡವಾದರೆ ಕಾರ್ಯಕ್ರಮ ಕೆಡಬಾರದು. ರಿಹರ್ಸಲ್ ನಡೆದ ಇಪ್ಪತ್ತೆರಡು ದಿನಗಳಲ್ಲಿ ನನ್ನ ಬಸ್ಸು ತಡವಾದದ್ದು ಒಂದು ಸಲ, ಅವಳದು ಎರಡು ಸಲ. ನಗರದ ಮಕ್ಕಳು ತಡವಾಗಿ ಬಂದದ್ದು ಹದಿನೇಳು ಸಲ.

ಆದರೆ ನನ್ನನ್ನು ನಿಜವಾಗಿ ಕಾಡಿದ್ದು ಪರಿಚಯ. ನಮ್ಮ ಕಡೆ ಮೈಕು ಕೈಗೆ ಬಂದರೆ ಮೊದಲು ಪರಿಚಯ ಹೇಳಬೇಕು. ಗೌರವಾನ್ವಿತ ಸರ್, ತಮಗೆ ಶುಭೋದಯ; ನನ್ನ ಹೆಸರು, ತಂದೆಯ ಹೆಸರು, ತರಗತಿ; ಐತಿಹಾಸಿಕ ಗುಮ್ಮಟನಗರಿಯಿಂದ ಮಾತನಾಡುತ್ತಿದ್ದೇನೆ; ಈ ಸದವಕಾಶಕ್ಕೆ ಧನ್ಯವಾದಗಳು. ಸರ್ ಇದನ್ನು ಹದಿನೈದೂ ಮಂದಿಗೆ ಬಾಯಿಪಾಠ ಮಾಡಿಸಿದ್ದರು.

ನಿಲ್ದಾಣ ನಮ್ಮ ತಲೆಯ ಮೇಲೆ ಹಾದುಹೋಗುವುದು ಹತ್ತು ನಿಮಿಷ, ಅಂದರೆ ಆರುನೂರು ಸೆಕೆಂಡು. ಸಂಪರ್ಕ ಸಿಗುವುದಕ್ಕೇ ನಲವತ್ತು ಹೋಗುತ್ತದೆ. ಗಡಿಯಾರ ಹಿಡಿದು ನಾನು ಬರೆದುಕೊಂಡ ಸರಾಸರಿ ಹೀಗಿತ್ತು: ಪರಿಚಯ ಹದಿನೇಳು, ಪ್ರಶ್ನೆ ಎಂಟು, ಉತ್ತರ ಇಪ್ಪತ್ತೈದು. ಪರಿಚಯ ಹೇಳಿದರೆ ಹನ್ನೊಂದು ಮಂದಿ. ಬಿಟ್ಟರೆ ಹದಿನೈದೂ ಮಂದಿ, ಮೇಲೆ ಸ್ವಲ್ಪ ಉಳಿತಾಯ.

ಡೈರಿ ಹಿಡಿದುಕೊಂಡು ಸರ್ ಬಳಿ ಹೋದೆ.

"ಲೆಕ್ಕಾ ಗಣಿತದ ಪಿರಿಯಡ್‌ನ್ಯಾಗ ಮಾಡವಾ. ಇದು ಸಂಸ್ಕಾರದ ಮಾತು. ನಮಸ್ಕಾರ ಇಲ್ಲ, ಊರ ಹೆಸರಿಲ್ಲ, ಸೀದಾ ಬೆವರಿಗೇ ಕೈ ಹಾಕಿದ್ರ ಅವರು ಏನ್ ತಿಳ್ಕೋತಾರ?"

"ಹನ್ನೊಂದು ಮಂದಿಗೇ ಟೈಮ್ ಮುಗಿತೈತ್ರಿ ಸರ್ರ."

"ಮುಗದ್ರ ಮುಗೀಲಿ. ಸರ್ಟಿಫಿಕೇಟ್ ಎಲ್ಲರಿಗೂ ಕೊಡ್ತೀವಿ."

ನನಗೆ ಸರ್ಟಿಫಿಕೇಟ್ ಬೇಕಿರಲಿಲ್ಲ. ಮರುದಿನ ರೇಡಿಯೊ ಅಜ್ಜನನ್ನು ಕೇಳಿದೆ. ಆಂಟೆನಾ ಕಟ್ಟಲು ಬಂದಿದ್ದ ಆ ಹಿರಿಯ ಹವ್ಯಾಸಿ ಶಾಲೆಯ ಮಾಳಿಗೆಯ ಮೇಲೆ ಬಿಸಿಲಲ್ಲಿ ತಂತಿ ಬಿಗಿಯುತ್ತಿದ್ದರು. "ಹೆಸರೊಂದು ಹೇಳು, ಪ್ರಶ್ನಿ ಕೇಳು, ಮಾತು ಮುಗೀತು ಅನ್ನಾಕ ಓವರ್ ಅನ್ನು," ಅಂದರು. "ಮ್ಯಾಲ ಹೊಂಟಿದ್ದು ಯಾರ ಸಲುವಾಗೂ ನಿಲ್ಲಂಗಿಲ್ಲ ತಂಗಿ. ಮುಖ್ಯ ಅತಿಥಿ ಸಲುವಾಗೂ ನಿಲ್ಲಂಗಿಲ್ಲ. ಭಾಷಣ, ಶಾಲು ಎಲ್ಲಾ ಆಮ್ಯಾಲ ಇಟ್ಕೋರಿ ಅಂತ ಹೇಳೀನಿ."

ಅಂದಿನಿಂದ ನನ್ನ ಮುಂದಿನ ಹದಿಮೂರು ಮಂದಿಯನ್ನು ಒಬ್ಬೊಬ್ಬರಾಗಿ ಹಿಡಿದೆ, ಊಟದ ಬಿಡುವಿನಲ್ಲಿ, ನಳದ ಹತ್ತಿರ. ಡೈರಿ ತೆರೆದು ಲೆಕ್ಕ ತೋರಿಸಿದೆ. ಏಳನೆಯವನು ನಕ್ಕ. "ನಿನ್ನ ಸಲುವಾಗಿ ನಾ ಯಾಕ ಬೈಸಿಕೊಳ್ಳಲಿ?"

"ನನ್ನ ಸಲುವಾಗಿ ಬ್ಯಾಡ. ಮ್ಯಾಲಿನವರಿಗೆ ನಿಮ್ಮಪ್ಪನ ಹೆಸರು ತಗೊಂಡು ಏನು ಮಾಡೋದೈತಿ, ಅದನ್ನಷ್ಟು ಹೇಳು."

ಒಪ್ಪಿದವರು ಎಂಟು, ಏಳನೆಯವನೂ ಸೇರಿ; ಒಪ್ಪದವರು ಐದು.

ಸಂಪರ್ಕದ ದಿನ ಸಭಾಂಗಣ ತುಂಬಿತ್ತು. ರೇಡಿಯೊ ಅಜ್ಜ ಮೂರು ಸಲ ಕರೆದರು. ಬರೀ ಗರಗರ. ನಾಲ್ಕನೇ ಸಲ ಒಂದು ಹೆಣ್ಣು ದನಿ ಬಂತು, ಪಕ್ಕದ ಕೋಣೆಯಿಂದ ಬಂದಷ್ಟು ಸ್ಪಷ್ಟವಾಗಿ. ಬಾಯಿಪಾಠದಲ್ಲಿದ್ದದ್ದು "ಸರ್". ಮೊದಲನೆಯವಳು ಆಕೆಯನ್ನು "ಗೌರವಾನ್ವಿತ ಸರ್" ಎಂದೇ ಕರೆದು, ಗುಮ್ಮಟನಗರಿಯನ್ನೂ ಮುಟ್ಟಿ, ಆಮೇಲೆ ಪ್ರಶ್ನೆಗೆ ಬಂದಳು. ಎರಡನೆಯವನೂ ಹಾಗೆಯೇ. ಮೂರನೆಯವಳು ಬರೀ ಹೆಸರು ಹೇಳಿ ಪ್ರಶ್ನೆ ಕೇಳಿದಳು. ಸರ್ ಕುರ್ಚಿಯಿಂದ ಅರ್ಧ ಎದ್ದರು. ಮೈಕು ತೆರೆದಿತ್ತು, ಬೈಯುವಂತಿರಲಿಲ್ಲ. ಒಪ್ಪಿದ್ದ ಎಂಟರಲ್ಲಿ ಒಬ್ಬ ಸರ್ ಮುಖ ನೋಡಿ ಅಂಜಿ ಪೂರ್ತಿ ಪರಿಚಯ ಒಪ್ಪಿಸಿದ. ಏಳನೆಯವನು ಮಾತ್ರ ಹೆಸರನ್ನೂ ನುಂಗಿ ನೇರ ಪ್ರಶ್ನೆಗೆ ಇಳಿದ.

ಮೈಕು ನನ್ನ ಕೈಗೆ ಬಂದಾಗ ದನಿಯ ಸುತ್ತ ಗರಗರ ಮತ್ತೆ ಶುರುವಾಗಿತ್ತು. ನನ್ನ ಹೆಸರು ಹೇಳಿದೆ. ನಿಮ್ಮ ಬೆವರು ಎಲ್ಲಿಗೆ ಹೋಗುತ್ತದೆ? ಓವರ್.

ಆಕೆ ನಕ್ಕರು. ಕೆಳಗೆ ಬೀಳುವುದಿಲ್ಲ, ಮೈಗೇ ಅಂಟಿಕೊಂಡು ಕೂರುತ್ತದೆ, ಟವೆಲ್ಲಿನಿಂದ ಒರೆಸುತ್ತೇವೆ ಅಂದರು. ಟವೆಲ್ಲು ಒಣಗುತ್ತದೆ, ಗಾಳಿಯಿಂದ ಆ ನೀರನ್ನು ಯಂತ್ರ ಹಿಡಿಯುತ್ತದೆ, ಶುದ್ಧ ಮಾಡುತ್ತದೆ, ಮತ್ತೆ ನಾವು ಅದನ್ನೇ... ಅಲ್ಲಿಗೆ ದನಿ ಮುಳುಗಿತು.

ನನ್ನ ಗೆಳತಿ ಕೈ ಚಾಚಿ ಮೈಕಿಗಾಗಿ ನಿಂತಿದ್ದಳು. ರೇಡಿಯೊ ಅಜ್ಜ ಅವಳ ಕಡೆ ನೋಡಿ ಇಲ್ಲವೆಂದು ತಲೆಯಾಡಿಸಿದರು.

ಮನೆಯಲ್ಲಿ ಅವ್ವನಿಗೆ ಹೇಳಿದೆ. "ಕುಡೀತಾರಂತನ ಹೇಳಿರಬೇಕು ಬಿಡು," ಅಂದಳು. "ನೀರು ಯಾರು ಚೆಲ್ತಾರ?"

ಮರುದಿನ ಸರ್ ಸ್ಟಾಫ್ ರೂಮಿಗೆ ಕರೆಸಿದರು. ಶಾಲೆಯ ಮರ್ಯಾದೆ ಕಳೆದದ್ದಕ್ಕೆ ತಪ್ಪೊಪ್ಪಿಗೆ ಬರೆದು ತರಬೇಕು ಅಂದರು. ಬರೆದೆ. ಪರಿಚಯ ಹೇಳಿದವರು ಆರು. ಹೇಳದವರು ಎಂಟು. ಪರಿಚಯಕ್ಕೆ ಹೋದದ್ದು ನೂರ ಎರಡು ಸೆಕೆಂಡು. ಒಂದು ಪ್ರಶ್ನೆ, ಅದರ ಉತ್ತರಕ್ಕೆ ಬೇಕಾದದ್ದು ಮೂವತ್ತಮೂರು. ಕೇಳದೆ ಉಳಿದವಳು ಒಬ್ಬಳು.

ಸರ್ ಎರಡು ಸಲ ಓದಿದರು. "ಇದರಾಗ ತಪ್ಪು ಎಲ್ಲೈತಿ?"

"ನಾನೂ ಹುಡುಕೀನ್ರಿ ಸರ್ರ. ಸಿಗಲಿಲ್ಲ."

ಹಾಳೆ ಮೇಜಿನ ಮೇಲೆ ಒಗೆದರು. ಎತ್ತಿಕೊಂಡು ಬಂದು ಡೈರಿಗೆ ಅಂಟಿಸಿದೆ. ಅದರ ಕೆಳಗೆ, ಬಸ್ ಸ್ಟ್ಯಾಂಡಿನ ಕಲ್ಲುಕಟ್ಟೆಯ ಮೇಲೆ ಕುಳಿತು, ನನ್ನ ಗೆಳತಿ ತನ್ನ ಹದಿನೈದನೇ ಪ್ರಶ್ನೆಯನ್ನು ತನ್ನದೇ ಕೈಬರಹದಲ್ಲಿ ಬರೆದಳು. ಮುಂದೆ ಹೆಸರು, ಕೊನೆಗೆ ಓವರ್. ನಡುವೆ ಬೇರೆ ಏನೂ ಇಲ್ಲ.